ಸ್ಪೇನಿನ ಗೂಳಿಕಾಳಗದ ರಮ್ಯ ಕಲ್ಪನೆಯನ್ನು ಆರಂಭಕಾಲದ ಛಾಯಾಚಿತ್ರಗಳು ಹೇಗೆ ರೂಪಿಸಿದವು?

ಕಾಳಗದ ರಕ್ತಪಾತವನ್ನು ಮರೆಗೆ ಸರಿಸಿ, ಅದರ ವೀರನ ಠೀವಿಯನ್ನಷ್ಟೇ ನೋಡುಗರ ಮುಂದಿಡುವ ಮೂಲಕ. 1850 ಮತ್ತು 1860ರ ದಶಕಗಳಲ್ಲಿ ಬಳಕೆಯಲ್ಲಿದ್ದ, ರಾಸಾಯನಿಕ ಲೇಪಿಸಿದ ಒದ್ದೆ ಗಾಜಿನ ಫಲಕದ ಮೇಲೆ ಸಾಮಾನ್ಯವಾಗಿ ಕೆಲವು ಸೆಕೆಂಡುಗಳ ಕಾಲ ಬೆಳಕು ಬೀಳಬೇಕಿದ್ದುದರಿಂದ, ನುಗ್ಗಿ ಬರುವ ಗೂಳಿಯಾಗಲಿ, ಅದರ ಕೊಂಬಿಗೆ ಸಿಕ್ಕಿ ಉರುಳುವ ಕುದುರೆಯಾಗಲಿ ಚಿತ್ರದಲ್ಲಿ ಸ್ಪಷ್ಟವಾಗಿ ಮೂಡುವಂತಿರಲಿಲ್ಲ. ಹೀಗಾಗಿ ಮ್ಯಾಡ್ರಿಡ್‌ನಲ್ಲಿ ಸ್ಟುಡಿಯೊ ನಡೆಸುತ್ತಿದ್ದ ಫ್ರೆಂಚ್ ಛಾಯಾಗ್ರಾಹಕ ಝಾನ್ ಲೊರಾನ್‌ನಂಥವರು, ಮೆಟಡೋರ್‌ಗಳನ್ನು, ಎಂದರೆ ಗೂಳಿಯನ್ನು ಕೊನೆಗೆ ಕೊಲ್ಲುವವರನ್ನು, ಜರಿ ಕಸೂತಿಯ ಉಡುಪಿನಲ್ಲಿ ಅಲುಗಾಡದಂತೆ ನಿಲ್ಲಿಸಿ ಚಿತ್ರ ತೆಗೆದರು. ಅಂಗೈಯಗಲದ ಕಾರ್ಡುಗಳಾಗಿ ಮಾರಾಟವಾದ ಇಂಥ ಭಾವಚಿತ್ರಗಳು ಆಲ್ಬಮ್‌ಗಳನ್ನು ಸೇರಿದವು. ಈ ಕಲ್ಪನೆ ಪ್ರವಾಸಕಥನಗಳಲ್ಲಿಯೂ ಮುದ್ರಿತ ಚಿತ್ರಗಳಲ್ಲಿಯೂ ಮೊದಲೇ ಇತ್ತೆಂಬುದು ನಿಜ. ಆದರೆ ಕಲಾವಿದನ ಕೈಚಳಕವನ್ನು ಅನುಮಾನಿಸಬಲ್ಲವರಿಗೂ ಕ್ಯಾಮೆರಾ ತೋರಿಸಿದ್ದು ಸಾಕ್ಷ್ಯದಂತೆ ಕಾಣುತ್ತಿತ್ತು.