ಹತ್ತು ಚಕ್ರದ ಟಿಪ್ಪರ್‌ಗೆ ಮುಂಗಡ ಕೊಡುವ ಮೊದಲು

ಕೊಡಗಿನ ನಾಪೋಕ್ಲು ಕಡೆಯ ಸಹೋದರರೊಬ್ಬರು ಈ ವೇದಿಕೆಯಲ್ಲಿ ಹಾಕಿರುವ ಲೆಕ್ಕವನ್ನು ಎರಡು ಸಲ ಓದಿದೆ. ಹೊಸ ಹತ್ತು ಚಕ್ರದ ಟಿಪ್ಪರ್‌ಗೆ ಮುಂಗಡ ಕೊಡಲು ಹೊರಟಿದ್ದಾರೆ. ಕ್ರಷರ್ ಮಾಲೀಕರೊಬ್ಬರು ವರ್ಷವಿಡೀ ಲೋಡ್ ಕೊಡುವುದಾಗಿ ಬಾಯಿಮಾತಿನಲ್ಲಿ ಹೇಳಿದ್ದಾರಂತೆ. ಆ ಮಾತನ್ನು ನಂಬಿ ಹನ್ನೆರಡು ತಿಂಗಳ ಬಾಡಿಗೆ ಕೂಡಿ, ಸಾಲದ ಹನ್ನೆರಡು ಕಂತು ಕಳೆದು, ಉಳಿಕೆ ತೋರಿಸಿದ್ದಾರೆ. ನನ್ನ ಮೊದಲ ಗಾಡಿ ಬಂದದ್ದೂ ಇಂಥದೇ ಲೆಕ್ಕದ ಮೇಲೆ. ಎರಡನೆಯ ಮಳೆಗಾಲ ಮುಗಿಯುವ ಮೊದಲೇ ಅದು ಫೈನಾನ್ಸ್‌ನವರ ಯಾರ್ಡ್ ಸೇರಿತು. ಆ ಲೆಕ್ಕದ ಕೆಳಗೆ "ಧೈರ್ಯವಾಗಿ ತೆಗೆದುಕೊಳ್ಳಿ" ಎಂದು ಬರೆದಿರುವವರಲ್ಲಿ ಎಷ್ಟು ಮಂದಿ ಕೊಡಗಿನೊಳಗೆ ಗಾಡಿ ಓಡಿಸಿದ್ದಾರೋ ತಿಳಿಯದು. ಇನ್ನೊಬ್ಬರ ಕಂತಿನ ವಿಷಯದಲ್ಲಿ ಹೀಗೆ ಸಲೀಸಾಗಿ ಹುರಿದುಂಬಿಸುವುದು ಸರಿಯಲ್ಲ.

ನಮ್ಮ ಜಿಲ್ಲೆಯಲ್ಲಿ ಟಿಪ್ಪರ್‌ಗೆ ವರ್ಷವೆಂದರೆ ಎಂಟು ತಿಂಗಳು. ಜೂನ್ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಮಣ್ಣಿನ ಕೆಲಸ ನಿಲ್ಲುತ್ತದೆ, ತೋಟದ ರಸ್ತೆಗೆ ಗಾಡಿ ಇಳಿಸುವಂತಿಲ್ಲ, ಮಳೆ ಜೋರಾದ ವರ್ಷಗಳಲ್ಲಿ ಜಿಲ್ಲಾಧಿಕಾರಿಗಳು ಭಾರೀ ವಾಹನಗಳ ಸಂಚಾರವನ್ನೇ ನಿರ್ಬಂಧಿಸುತ್ತಾರೆ. 2018ರ ಆಗಸ್ಟ್‌ನಲ್ಲಿ ಮದೆನಾಡು, ಜೋಡುಪಾಲದ ಕಡೆ ಗುಡ್ಡ ಕುಸಿದು ಸಂಪಾಜೆ ದಾರಿಯೇ ಮುಚ್ಚಿಹೋದದ್ದನ್ನು ಯಾರೂ ಮರೆತಿರಲಾರರು. ಆದರೆ ಕಂತಿಗೆ ಮಳೆಗಾಲವಿಲ್ಲ. ಆದ್ದರಿಂದ ಎಂಟು ತಿಂಗಳ ದುಡಿಮೆಯಲ್ಲಿ ಹನ್ನೆರಡು ಕಂತು, ವಿಮೆ, ತೆರಿಗೆ ಮತ್ತು ಟೈರಿನ ಖರ್ಚು ಏಳುತ್ತದೆಯೇ ಎಂದು ಲೆಕ್ಕ ಹಾಕಿ. ಏಳದಿದ್ದರೆ ಆ ಗಾಡಿ ನಿಮ್ಮದಲ್ಲ. ಮಳೆಯ ತಿಂಗಳುಗಳಲ್ಲಿ ಕಡಿಮೆ ಕಂತು, ಬೇಸಿಗೆಯಲ್ಲಿ ಹೆಚ್ಚು ಕಂತು ಮಾಡಿಕೊಡುವ ಫೈನಾನ್ಸ್ ಕಂಪನಿಗಳಿವೆ. ಅದನ್ನು ಸಹಿ ಹಾಕುವ ಮೊದಲೇ ಕೇಳಬೇಕು, ಆಮೇಲೆ ಕೇಳಿದರೆ ಯಾರೂ ಕಿವಿಗೊಡುವುದಿಲ್ಲ.

ಎರಡನೆಯದು ಗಾಡಿಯ ಗಾತ್ರ. ಕುಶಾಲನಗರದ ಬಯಲಿನಲ್ಲಿ, ಹೆದ್ದಾರಿ ಕಾಮಗಾರಿಯಲ್ಲಿ ಹತ್ತು ಚಕ್ರದ ಗಾಡಿಗೆ ಸಾಟಿಯಿಲ್ಲ. ಆದರೆ ಸಹೋದರರೇ, ನೀವು ಲೆಕ್ಕದಲ್ಲಿ ಬರೆದಿರುವ ಗಿರಾಕಿಗಳೆಲ್ಲ ತೋಟದ ಮಾಲೀಕರು: ಕಾಫಿ ಕಣ, ಕೆರೆಯ ಏರಿ, ಹೋಮ್‌ಸ್ಟೇಗೆ ತಡೆಗೋಡೆ. ಅಲ್ಲಿಗೆ ಹೋಗುವ ರಸ್ತೆ ಬಹಳ ಕಡೆ ಹತ್ತಡಿಗಿಂತ ಅಗಲವಿಲ್ಲ, ಗಾಡಿಯೇ ಎಂಟಡಿ ದಾಟುತ್ತದೆ. ಆರು ಚಕ್ರದ, ಅದರಲ್ಲೂ ಚೆನ್ನಾಗಿ ನೋಡಿಕೊಂಡ ಹಳೆಯ ಗಾಡಿಯೇ ಮೊದಲ ಗಾಡಿಯಾಗಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಯಾವ ಗಾಡಿಯಾದರೂ ಸರಿ, ಹೊಸ ಜಾಗಕ್ಕೆ ಲೋಡ್ ಒಪ್ಪಿಕೊಳ್ಳುವ ಮೊದಲು ನಾನು ಒಂದು ಹಾರೆ ಮತ್ತು ಟೇಪ್ ಹಿಡಿದು ಆ ರಸ್ತೆಯಲ್ಲಿ ನಡೆದುಹೋಗುತ್ತೇನೆ. ಇದನ್ನು ಬಿಟ್ಟು ಬೇರೇನನ್ನೂ ನೀವು ನೆನಪಿಟ್ಟುಕೊಳ್ಳದಿದ್ದರೂ ಚಿಂತೆಯಿಲ್ಲ. ಹಾರೆಯನ್ನು ರಸ್ತೆಯ ಕೆಳಬದಿಯ ಅಂಚಿನಿಂದ ಎರಡಡಿ ಒಳಗೆ ನೇರವಾಗಿ ಎತ್ತಿ ಬಿಡಬೇಕು, ಒತ್ತಬಾರದು. ತುದಿ ನಾಲ್ಕು ಬೆರಳಿನಷ್ಟು ಇಳಿದು ನಿಂತರೆ ನೆಲ ಗಟ್ಟಿ. ಗೇಣುದ್ದ ಇಳಿದರೆ ಅದು ಜೆಸಿಬಿಯವರು ಮೇಲ್ಬದಿಯ ಬರೆ, ಅಂದರೆ ದಿಬ್ಬದ ಕಡಿದಾದ ಬದಿ, ಕಡಿದು ಕೆಳಬದಿಗೆ ತಳ್ಳಿದ ಹೊಸ ಮಣ್ಣು. ಮೇಲೆ ಹುಲ್ಲು ಬೆಳೆದು ಹಳೆಯ ರಸ್ತೆಯಂತೆಯೇ ಕಾಣುತ್ತದೆ, ಲೋಡ್ ಗಾಡಿಯ ಹಿಂದಿನ ಚಕ್ರ ಅಲ್ಲಿಗೆ ಬಂದೊಡನೆ ಅಂಚು ಸಮೇತ ಜಾರುತ್ತದೆ. ಪ್ರತಿ ತಿರುವಿನಲ್ಲಿಯೂ, ಪ್ರತಿ ಮೋರಿಯ ಎರಡೂ ಬದಿಯಲ್ಲಿಯೂ ಹೀಗೆ ನೋಡಬೇಕು. ಮೋರಿಯ ಪೈಪಿನ ಮೇಲೆ ಮಣ್ಣು ಎಷ್ಟಿದೆ ಎಂದು ಟೇಪಿನಿಂದ ಅಳೆಯಿರಿ. ಪೈಪಿನ ನೆತ್ತಿ ಹೊರಗೆ ಕಾಣುತ್ತಿದ್ದರೆ ಅದು ಜೀಪಿಗೆ ಹಾಕಿದ ಮೋರಿ, ಟಿಪ್ಪರ್‌ಗಲ್ಲ. ಮಾಲೀಕರು "ಮೊನ್ನೆಯಷ್ಟೇ ಲಾರಿ ಬಂದಿತ್ತು" ಎನ್ನುತ್ತಾರೆ. ಬಂದದ್ದು ಗೊಬ್ಬರದ ಲಾರಿಯೋ ಜಲ್ಲಿಯ ಲಾರಿಯೋ, ಮಳೆಗೆ ಮೊದಲೋ ನಂತರವೋ ಎಂದು ಬಿಡಿಸಿ ಕೇಳಿ.

ಲೋಡ್ ಸುರಿಯುವ ಜಾಗವನ್ನು ಇನ್ನೂ ಎಚ್ಚರದಿಂದ ನೋಡಬೇಕು. ಬಾಡಿ ಮೇಲೆದ್ದಾಗ ಭಾರವೆಲ್ಲ ಎತ್ತರಕ್ಕೆ ಹೋಗುತ್ತದೆ. ಹಿಂದಿನ ಒಂದು ಚಕ್ರ ಅರ್ಧ ಅಡಿ ತಗ್ಗಿನಲ್ಲಿದ್ದರೂ, ಒದ್ದೆ ಕೆಂಪು ಮಣ್ಣು ಬಾಡಿಯ ಒಂದು ಮೂಲೆಗೆ ಅಂಟಿಕೊಂಡು ಉಳಿದರೂ ಗಾಡಿ ಪಕ್ಕಕ್ಕೆ ಮಗುಚುತ್ತದೆ. ಮಣ್ಣು ಬೀಳಲಿಲ್ಲವೆಂದು ಬಾಡಿ ಎತ್ತಿಕೊಂಡೇ ಗಾಡಿಯನ್ನು ಮುಂದೆ ಹಿಂದೆ ಜಗ್ಗುವ ಅಭ್ಯಾಸ ನಮ್ಮ ಕಡೆ ಬಹಳವಿದೆ, ದಯವಿಟ್ಟು ಅದನ್ನು ಕಲಿಯಬೇಡಿ. ಬಾಡಿ ಪೂರ್ತಿ ಇಳಿಸಿ, ಗುದ್ದಲಿಯಿಂದ ಬಿಡಿಸಿ, ಮತ್ತೆ ಎತ್ತಿ. ಎತ್ತುವ ಮುನ್ನ ತಲೆಯೆತ್ತಿ ನೋಡುವುದೂ ಅಷ್ಟೇ ಮುಖ್ಯ, ಏಕೆಂದರೆ ತೋಟದೊಳಗೆ ಸಿಲ್ವರ್ ಓಕ್ ಮರಗಳ ನಡುವೆ ಚೆಸ್ಕಾಂ ವಿದ್ಯುತ್ ಲೈನ್ ಹಾದುಹೋಗಿರುವುದು ಕೆಳಗಿನಿಂದ ಸುಲಭಕ್ಕೆ ಕಾಣುವುದಿಲ್ಲ. ಬಾಡಿ ಎತ್ತಿದಾಗ ಮಗುಚಿದರೆ ವಿಮೆ ಸಿಗುತ್ತದೆಯೇ ಎಂಬುದನ್ನು ವಿಮಾ ಕಂಪನಿಯಿಂದ ಬರವಣಿಗೆಯಲ್ಲಿಯೇ ಪಡೆಯಿರಿ.

ಹಳೆಯ ಗಾಡಿ ನೋಡುವಾಗ ಎಂಜಿನ್ ಶಬ್ದ ಕೇಳಿ ಮರುಳಾಗುವವರೇ ಹೆಚ್ಚು. ಟಿಪ್ಪರ್‌ನಲ್ಲಿ ಮೊದಲು ನೋಡಬೇಕಾದದ್ದು ಛಾಸಿ, ಅಂದರೆ ಗಾಡಿಯ ಅಡಿ ಚೌಕಟ್ಟು, ಅದರಲ್ಲೂ ಬಾಡಿ ತಿರುಗುವ ಹಿಂಜಿನ (ಕೀಲಿನ) ಹತ್ತಿರ ಹೊಸ ಬಣ್ಣದ ಕೆಳಗೆ ವೆಲ್ಡಿಂಗ್ ಗೆರೆ ಇದೆಯೇ ಎಂಬುದು. ಆಮೇಲೆ ಲೋಡ್ ಸಮೇತ ಬಾಡಿಯನ್ನು ಅರ್ಧ ಎತ್ತಿ ನಿಲ್ಲಿಸಿ, ದೂರ ನಿಂತು ಗಮನಿಸಿ; ತಾನಾಗಿಯೇ ಇಳಿಯುತ್ತಾ ಬಂದರೆ ಬಾಡಿ ಎತ್ತುವ ಜ್ಯಾಕಿನ ಸೀಲ್ ಅಥವಾ ವಾಲ್ವ್ ಹೋಗಿದೆ. ಆಧಾರ ಕೊಡದೆ ಎತ್ತಿದ ಬಾಡಿಯ ಕೆಳಗೆ ಕೈ ಕೂಡ ಹಾಕಬೇಡಿ. ಕಂಪನಿಯ ವಿಷಯದಲ್ಲಿ ಟಾಟಾ ಮತ್ತು ಲೇಲ್ಯಾಂಡ್ ಎರಡೂ ನನಗೆ ಒಪ್ಪಿಗೆ, ಏಕೆಂದರೆ ಬಿಡಿಭಾಗಗಳು ಹತ್ತಿರದಲ್ಲಿ ಸಿಗುತ್ತವೆ, ಕೈಹಾಕಬಲ್ಲ ಮೆಕ್ಯಾನಿಕ್‌ಗಳಿದ್ದಾರೆ. ಭಾರತ್ ಬೆಂಜ್ ಓಡಿಸಲು ಸೊಗಸಾದ ಗಾಡಿಯೇ, ಆದರೆ ಒಂದೇ ಗಾಡಿಯ ಮಾಲೀಕನಿಗೆ ಬಿಡಿಭಾಗ ಕಾಯುವ ಒಂದೊಂದು ದಿನವೂ ನಷ್ಟ. 2020ರ ಏಪ್ರಿಲ್‌ನಿಂದ ಬಂದ, ಹೊಗೆ ಮಾಲಿನ್ಯದ ಬಿಎಸ್6 ನಿಯಮದ ಗಾಡಿಯಾದರೆ ಹೊಗೆಯ ಫಿಲ್ಟರ್ ಇದೆಯೆಂಬುದನ್ನು ನೆನಪಿಡಿ. ಬರೀ ಗಿಡ್ಡ ಟ್ರಿಪ್ ಹೊಡೆದು, ನಿಂತಲ್ಲೇ ಎಂಜಿನ್ ಓಡಿಸುತ್ತಿದ್ದರೆ ಅದು ಕಟ್ಟಿಕೊಳ್ಳುತ್ತದೆ.

ಲೋಡಿನ ವಿಷಯಕ್ಕೆ ಬರೋಣ. ಹತ್ತು ಚಕ್ರದ, ಲೋಡ್ ಸೇರಿ ಒಟ್ಟು 28 ಟನ್‌ನ ಗಾಡಿಯಲ್ಲಿ ಗಾಡಿಯ ತೂಕವೇ ಸುಮಾರು 11 ಟನ್, ಉಳಿಯುವುದು 17. ಅದಕ್ಕೆ ಕೂರಿಸುವ 14 ಘನ ಮೀಟರ್ ಬಾಡಿ, ಅಂದರೆ ಹೆಚ್ಚುಕಡಿಮೆ 500 ಸಿಎಫ್‌ಟಿ (ಘನ ಅಡಿ), ಎಂ ಸ್ಯಾಂಡ್‌ನಿಂದ (ಕಲ್ಲು ಪುಡಿಮಾಡಿದ ಮರಳಿನಿಂದ) ತುಂಬಿದರೆ 22 ಟನ್ ಮೀರುತ್ತದೆ. ಕ್ರಷರ್‌ನವರು ಸಿಎಫ್‌ಟಿಯಲ್ಲಿ ಮಾತನಾಡುತ್ತಾರೆ, ಆರ್‌ಟಿಒ ಟನ್ನಿನಲ್ಲಿ ಮಾತನಾಡುತ್ತಾರೆ. 2019ರ ತಿದ್ದುಪಡಿಯ ನಂತರ ಓವರ್‌ಲೋಡ್ ದಂಡ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಟನ್ನಿಗೆ 2,000. ಐದು ಟನ್ ಹೆಚ್ಚಿದ್ದರೆ 30,000 ಆಯಿತು. ಸುಂಟಿಕೊಪ್ಪ, ಬೋಯಿಕೇರಿ ಏರಿನಲ್ಲಿ ಆ ಐದು ಟನ್ ಕುಡಿಯುವ ಡೀಸೆಲ್ ಬೇರೆ, ಸಂಪಾಜೆಯ ಇಳಿಜಾರಿನಲ್ಲಿ ಬಿಸಿಯೇರುವ ಬ್ರೇಕ್ ಬೇರೆ. ಇಳಿಯುವಾಗ ಯಾವ ಗೇರಿನಲ್ಲಿ ಏರುತ್ತಿದ್ದಿರೋ ಅದೇ ಗೇರು, ಜೊತೆಗೆ ಎಂಜಿನ್ನಿನ ಹೊಗೆ ತಡೆದು ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್. ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸಲು ಹೋಗಬೇಡಿ. ಮುಂದಿನ ಚಕ್ರಕ್ಕೆ ರೀಸೋಲ್ ಟೈರ್ (ಸವೆದ ಮೇಲೆ ಹೊಸ ರಬ್ಬರ್ ಹಾಕಿದ್ದು) ಎಂದಿಗೂ ಬೇಡ.

ಪರ್ಮಿಟ್ ಇಲ್ಲದೆ ಜಲ್ಲಿಯಾಗಲಿ ಎಂ ಸ್ಯಾಂಡ್ ಆಗಲಿ ತುಂಬಬೇಡಿ. ಗಣಿ ಇಲಾಖೆಯ ಎಂಡಿಪಿ ಎಂಬ ಖನಿಜ ಸಾಗಣೆ ಪರ್ಮಿಟ್ಟಿನಲ್ಲಿ ಗಾಡಿ ನಂಬರ್, ಪ್ರಮಾಣ, ತಲುಪುವ ಜಾಗ, ಸಮಯ ಎಲ್ಲವೂ ಇರುತ್ತವೆ. ದಾರಿಯಲ್ಲಿ ಪಂಕ್ಚರ್ ಆಗಿ ಸಮಯ ಮೀರುವಂತಿದ್ದರೆ ತಕ್ಷಣ ಕ್ರಷರ್‌ಗೆ ತಿಳಿಸಿ. ಕಟ್ಟಡ, ರಸ್ತೆಯ ತಗ್ಗು ತುಂಬಿಸುವ ಮಣ್ಣು ಕೂಡ ಪರ್ಮಿಟ್ ಬೇಕಾದ ಉಪಖನಿಜವೇ ಎಂಬುದು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ. "ನಮ್ಮದೇ ತೋಟದ ಮಣ್ಣು, ನಮ್ಮದೇ ಸೈಟಿಗೆ" ಎಂದು ಮಾಲೀಕರು ಧೈರ್ಯ ಹೇಳಬಹುದು, ಆದರೆ ಗಣಿ ಮತ್ತು ಖನಿಜ ಕಾಯ್ದೆಯ 21ನೇ ಕಲಮಿನಡಿ ಜಪ್ತಿಯಾಗುವುದು ಗಾಡಿ. ಅದು ಠಾಣೆಯ ಮುಂದೆ ನಿಂತಿರುವಾಗಲೂ ಕಂತು ಓಡುತ್ತಲೇ ಇರುತ್ತದೆ.

ಹಣದ ವಿಷಯದಲ್ಲಿ ಮುಲಾಜು ಬೇಡ. ಡೀಸೆಲ್‌ನಷ್ಟು ಹಣ ಮೊದಲೇ ಬರಲಿ, ಟ್ರಿಪ್ ಚೀಟಿಗೆ ಅಂದಂದೇ ಸಹಿಯಾಗಲಿ, ವಾರದ ಬಾಕಿ ವಾರಕ್ಕೇ ತೀರಲಿ. ಮೇ ತಿಂಗಳಲ್ಲಿ ಗುತ್ತಿಗೆದಾರರು ಉಳಿಸಿಕೊಂಡ ಬಾಕಿ ಮಳೆ ಮುಗಿಯುವವರೆಗೂ ಬರುವುದಿಲ್ಲ. ಬಿಲ್ಲಿನಲ್ಲಿ ಟಿಡಿಎಸ್ (ಮೂಲದಲ್ಲೇ ಕಡಿಯುವ ಆದಾಯ ತೆರಿಗೆ) ಹಿಡಿಯುತ್ತೇವೆ ಎಂದರೆ, ಹತ್ತು ಅಥವಾ ಅದಕ್ಕಿಂತ ಕಡಿಮೆ ಗಾಡಿಗಳಿರುವ ಸಾಗಣೆದಾರನೆಂದು ಘೋಷಣಾ ಪತ್ರವನ್ನು ಪ್ಯಾನ್ ಸಮೇತ ಕೊಡಿ, ಹಿಡಿಯುವಂತಿಲ್ಲ. ಆದಾಯ ತೆರಿಗೆಯನ್ನು ಲೆಕ್ಕಪುಸ್ತಕವಿಲ್ಲದೆ ಅಂದಾಜು ಆದಾಯದ ಮೇಲೆ ಕಟ್ಟುವುದಾದರೆ 12 ಟನ್ ಮೀರಿದ ಗಾಡಿಗೆ ತಿಂಗಳಿಗೆ ಟನ್ನಿಗೆ 1,000 ರೂಪಾಯಿ ಆದಾಯವೆಂದು ಹಿಡಿಯುತ್ತಾರೆ. ನಿಮ್ಮ 28 ಟನ್ ಗಾಡಿಗೆ ವರ್ಷಕ್ಕೆ 3,36,000, ಅದೂ ಗಾಡಿ ಮಳೆಯಲ್ಲಿ ಶೆಡ್ಡಿನಲ್ಲಿ ನಿಂತಿದ್ದ ತಿಂಗಳುಗಳೂ ಸೇರಿ. 12 ಟನ್‌ವರೆಗಿನ ಚಿಕ್ಕ ಗಾಡಿಗೆ ತಿಂಗಳಿಗೆ 7,500 ಮಾತ್ರ.

ಮುಂಗಡ ಇನ್ನೂ ಕೊಟ್ಟಿಲ್ಲವಾದರೆ ಈ ಭಾನುವಾರ ನಿಮ್ಮ ಮೊದಲ ಮೂವರು ಗಿರಾಕಿಗಳ ತೋಟದ ರಸ್ತೆ ಅಳೆದು, ತಿರುವಿನ ಅಗಲ ಮತ್ತು ಮೋರಿಯ ಫೋಟೋ ಇಲ್ಲಿ ಹಾಕಿ. ಯಾವ ಗಾಡಿ ಒಳಗೆ ಹೋಗುತ್ತದೆ ಎಂಬುದನ್ನು ನಾನು ಮತ್ತು ಇಲ್ಲಿರುವ ಹಳಬರು ನೋಡಿ ಹೇಳುತ್ತೇವೆ.