ನಕಲು ಮಾಡಲಾಗದ ಪ್ರಶ್ನೆ ಕೊಡುವುದು ಹೇಗೆ? – ಶಿಕ್ಷಕರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಒಂಬತ್ತನೇ ತರಗತಿಗೆ ‘ಬೆಂಗಳೂರಿನ ನೀರು’ ಎಂಬ ಪ್ರಾಜೆಕ್ಟ್ ಕೊಟ್ಟು, ಇಂಟರ್‌ನೆಟ್‌ನಲ್ಲಿ ಹುಡುಕಿ ಬರೆಯಿರಿ ಎಂದೆ. ನಲವತ್ತು ಮಕ್ಕಳಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಒಂದೇ ಪುಟ ನೋಡಿ ಬರೆದುಕೊಂಡು ಬಂದರು. ವೆಬ್‌ಕ್ವೆಸ್ಟ್ ಮಾಡಿಸಿ ಎನ್ನುತ್ತಾರೆ. ಅದನ್ನು ರಚಿಸುವುದು ಹೇಗೆ?
– ಸಮಾಜ ವಿಜ್ಞಾನ ಶಿಕ್ಷಕಿ, ಬೆಂಗಳೂರು ಗ್ರಾಮಾಂತರ

ಉತ್ತರ: ಮಕ್ಕಳದು ತಪ್ಪಲ್ಲ ಮೇಡಂ. ಒಂದೇ ಪುಟದಲ್ಲಿ ಉತ್ತರ ಸಿದ್ಧವಾಗಿ ಕೂತಿದ್ದರೆ ಯಾರಾದರೂ ಅದನ್ನೇ ಎತ್ತಿಕೊಂಡು ಬರುತ್ತಾರೆ. ಬದಲಾಗಬೇಕಾದದ್ದು ಪ್ರಶ್ನೆ.

ವೆಬ್‌ಕ್ವೆಸ್ಟ್ ಎಂದರೆ ಶಿಕ್ಷಕರು ಆರಿಸಿಕೊಟ್ಟ ಜಾಲಪುಟಗಳನ್ನು ಓದಿ, ಮಕ್ಕಳು ಒಂದು ಪ್ರಶ್ನೆಗೆ ತಾವೇ ಉತ್ತರ ಕಟ್ಟುವ ಚಟುವಟಿಕೆ. ಅದನ್ನು 1995ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊ ಸ್ಟೇಟ್ ವಿಶ್ವವಿದ್ಯಾಲಯದ ಬರ್ನಿ ಡಾಡ್ಜ್, ಟಾಮ್ ಮಾರ್ಚ್ ಜೊತೆಗೂಡಿ ರೂಪಿಸಿದರು. ಪೀಠಿಕೆ, ಕಾರ್ಯ, ಮಾಡುವ ಕ್ರಮ, ಆಕರಗಳು, ಮೌಲ್ಯಮಾಪನ, ಮುಕ್ತಾಯ ಎಂಬ ಭಾಗಗಳು ಅದರಲ್ಲಿರುತ್ತವೆ. ಲಿಂಕುಗಳನ್ನು ಶಿಕ್ಷಕರೇ ಆರಿಸಿ ಕೊಡುತ್ತಾರೆ. ಮಕ್ಕಳ ಹೊತ್ತು ಹುಡುಕಾಟದಲ್ಲಿ ಕಳೆಯದೆ ಓದಿ ಯೋಚಿಸುವುದಕ್ಕೆ ಸಿಗಲಿ ಎಂಬುದು ಉದ್ದೇಶ. ಈ ಭಾಗಗಳಲ್ಲಿ ‘ಕಾರ್ಯ’ ಕೆಟ್ಟರೆ ಉಳಿದದ್ದೆಲ್ಲ ಅಲಂಕಾರ ಅಷ್ಟೆ. ಅದಕ್ಕೇ ಹೆಚ್ಚು ದಿನ ಕೊಡಿ.

ನಿಮ್ಮ ವಿಷಯವನ್ನೇ ಹೀಗೆ ತಿರುಗಿಸಿ: ‘ನಗರಕ್ಕೆ ನೀರು ಸಾಲದು. ಹಣ ಒಂದು ಕೆಲಸಕ್ಕಷ್ಟೇ ಇದೆ. ಕಾವೇರಿಯಿಂದ ಇನ್ನಷ್ಟು ನೀರು ತರುವುದೋ, ಅರ್ಕಾವತಿ ಕಣಿವೆಯ ಹಳೆಯ ಜಲಾಶಯಗಳಿಗೆ ಮತ್ತೆ ನೀರು ಹರಿಯುವಂತೆ ಮಾಡುವುದೋ, ಚಾವಣಿಗಳ ಮಳೆನೀರು ಹಿಡಿಯುವುದೋ? ಒಂದನ್ನು ಆರಿಸಿ, ಒಂದು ಪುಟದ ಶಿಫಾರಸು ಬರೆಯಿರಿ. ಬಿಟ್ಟ ಎರಡನ್ನು ಏಕೆ ಬಿಟ್ಟಿರಿ ಎಂದೂ ಹೇಳಿ.’ ಇದಕ್ಕೆ ಉತ್ತರ ಯಾವ ಪುಟದಲ್ಲೂ ಇಲ್ಲ.

ನಾಲ್ವರ ಗುಂಪು ಮಾಡಿ. ಒಬ್ಬರು ಚರಿತ್ರೆ ನೋಡಲಿ: ಹೆಸರಘಟ್ಟ ಕೆರೆ, 1933ರ ತಿಪ್ಪಗೊಂಡನಹಳ್ಳಿ ಜಲಾಶಯ, 1974ರ ಕಾವೇರಿ ನೀರು ಯೋಜನೆಯ ಮೊದಲ ಹಂತ, ಕೆಂಪೇಗೌಡ ಬಸ್ ನಿಲ್ದಾಣವಾಗಿರುವ ಧರ್ಮಾಂಬುಧಿ ಕೆರೆ. ಇನ್ನೊಬ್ಬರು ನದಿ, ಕಣಿವೆಗಳ ಸ್ಥಿತಿ ನೋಡಲಿ. ಮೂರನೆಯವರಿಗೆ ವಿದ್ಯುತ್ತಿನ ಲೆಕ್ಕ, ನಾಲ್ಕನೆಯವರಿಗೆ ಮಳೆಯ ಲೆಕ್ಕ.

ಲೆಕ್ಕವನ್ನು ಮಕ್ಕಳ ಕೈಯಲ್ಲೇ ಮಾಡಿಸಿ. 100 ಚದರ ಮೀಟರ್ ಚಾವಣಿಯ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 100 ಲೀಟರ್. ವರ್ಷಕ್ಕೆ 900 ಮಿ.ಮೀ. ಎಂದಿಟ್ಟುಕೊಂಡರೆ 90,000 ಲೀಟರ್. ಐದರಲ್ಲಿ ಒಂದು ಪಾಲು ಪೋಲಾದರೂ 72,000 ಉಳಿಯುತ್ತದೆ. ಇತ್ತ ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಮೇಲೇರಿ ಬರುತ್ತದೆ. 1,000 ಲೀಟರನ್ನು 500 ಮೀಟರ್ ಎತ್ತಲು 1,000 × 9.8 × 500, ಅಂದರೆ 49 ಲಕ್ಷ ಜೂಲ್. ವಿದ್ಯುತ್ತಿನ ಒಂದು ಯೂನಿಟ್ಟಿಗೆ 36 ಲಕ್ಷ ಜೂಲ್ ಲೆಕ್ಕದಲ್ಲಿ ಸುಮಾರು 1.36 ಯೂನಿಟ್. ಪಂಪಿನ ನಷ್ಟ ಬೇರೆ. ‘ಕೆಲಸ ಮತ್ತು ಶಕ್ತಿ’ ಪಾಠದ ಸೂತ್ರ ಇಲ್ಲಿ ಜೀವ ಪಡೆಯುತ್ತದೆ. ವಿಜ್ಞಾನದ ಮೇಷ್ಟ್ರನ್ನೂ ಜೊತೆಗೆ ಕರೆದುಕೊಳ್ಳಿ.

ನಾಲ್ಕು ಪೀರಿಯಡ್ ಸಾಕು. ಮೊದಲನೆಯದರಲ್ಲಿ ಕಾರ್ಯ ವಿವರಿಸಿ ಪಾತ್ರ ಹಂಚುವುದು, ಎರಡನೆಯದರಲ್ಲಿ ಓದಿ ಟಿಪ್ಪಣಿ ಮಾಡುವುದು, ಮೂರನೆಯದರಲ್ಲಿ ಗುಂಪಿನೊಳಗಿನ ವಾದ, ಕೊನೆಯದರಲ್ಲಿ ಬರವಣಿಗೆ. ಹೊತ್ತು ಸಾಲದೆ ಬಂದಾಗ ಮೂರನೆಯದನ್ನೇ ಬಿಟ್ಟುಬಿಡುತ್ತಾರೆ. ಆಗ ನಾಲ್ಕು ಜನರ ನಾಲ್ಕು ಪ್ಯಾರಾ ಅಂಟಿಸಿದ ಹಾಳೆ ನಿಮ್ಮ ಕೈಗೆ ಬರುತ್ತದೆ, ತೀರ್ಮಾನವೇ ಇರುವುದಿಲ್ಲ. ಬರವಣಿಗೆಯನ್ನು ಬೇಕಾದರೆ ಮನೆಗೆ ಕೊಡಿ, ವಾದವನ್ನು ತರಗತಿಯಲ್ಲೇ ಮಾಡಿಸಿ.

ಪ್ರಶ್ನೆ: ಕನ್ನಡದಲ್ಲಿ ಆಕರಗಳು ಸಿಗುವುದಿಲ್ಲ. ಸಿಕ್ಕರೂ ಒಂದೊಂದು ಕಡೆ ಒಂದೊಂದು ಇಸವಿ. ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ.
– ಪ್ರೌಢಶಾಲಾ ಶಿಕ್ಷಕ, ತುಮಕೂರು ಜಿಲ್ಲೆ

ಉತ್ತರ: ಕೆಲವು ಇದ್ದೂ ಸಿಗುವುದಿಲ್ಲ. ಹಳೆಯ ಪಿಡಿಎಫ್‌ಗಳು ಎಷ್ಟೋ ಸಲ ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ನುಡಿ, ಬರಹ ಫಾಂಟ್‌ಗಳಲ್ಲಿರುತ್ತವೆ. ಕಣ್ಣಿಗೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಹಾಗಾಗಿ ‘ಕೆರೆ’ ಎಂದು ಹುಡುಕಿದರೆ ಸಿಗದು, ಕಾಪಿ ಮಾಡಿದರೆ ಅರ್ಥವಿಲ್ಲದ ಅಕ್ಷರ ಬರುತ್ತದೆ. ಸ್ಕ್ಯಾನ್ ಮಾಡಿದ ಪುಸ್ತಕದ್ದೂ ಅದೇ ಪಾಡು. ಇಂಥವನ್ನು ನೀವೇ ತೆರೆದು ಓದಿ, ‘ಪುಟ 12, ಎರಡನೇ ಪ್ಯಾರಾ’ ಎಂದು ಗುರುತು ಹಾಕಿ ಕೊಡಿ. ಪಾತ್ರಕ್ಕೆ ಮೂರು ಆಕರ ಸಾಕು. ಹತ್ತು ಕೊಟ್ಟರೆ ಮೊದಲನೆಯದಷ್ಟೇ ಓದುತ್ತಾರೆ.

ಇಸವಿಯ ಗೊಂದಲವನ್ನು ಮುಚ್ಚಬೇಡಿ, ಅದು ನಿಮಗೆ ಸಿಕ್ಕ ಅತ್ಯುತ್ತಮ ಪಾಠ. ಹೆಸರಘಟ್ಟಕ್ಕೆ ಒಂದು ಕಡೆ 1894, ಇನ್ನೊಂದು ಕಡೆ 1896 ಎಂದಿರುತ್ತದೆ. ಎರಡೂ ವಾಕ್ಯಗಳನ್ನು ಹಲಗೆಯ ಮೇಲೆ ಬರೆದು, ಕ್ರಿಯಾಪದದ ಕೆಳಗೆ ಗೆರೆ ಎಳೆಸಿ. ಒಂದರಲ್ಲಿ ‘ಕಟ್ಟಲಾಯಿತು’, ಇನ್ನೊಂದರಲ್ಲಿ ‘ನೀರು ಪೂರೈಕೆಯಾಯಿತು’. ಜಗಳವೇ ಇಲ್ಲ, ಅವು ಎರಡು ಬೇರೆ ಘಟನೆಗಳು. ಹೀಗೆ ಒಮ್ಮೆ ಬಿಡಿಸಿದ ಮಗು ಮುಂದೆ ಯಾವ ಇಸವಿ ಕಂಡರೂ ‘ಏನು ಆದ ಇಸವಿ?’ ಎಂದು ಕೇಳುತ್ತದೆ.

ಪ್ರಶ್ನೆ: ನಮ್ಮಲ್ಲಿ ಆರು ಕಂಪ್ಯೂಟರ್, ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಏನು ಮಾಡುವುದು?
– ಸಹ ಶಿಕ್ಷಕಿ, ಯಾದಗಿರಿ ಜಿಲ್ಲೆ

ಉತ್ತರ: ಪುಟಗಳನ್ನು ಮೊದಲೇ ಪಿಡಿಎಫ್ ಆಗಿ ಉಳಿಸಿ, ಪೆನ್‌ಡ್ರೈವ್‌ನಿಂದ ಆರಕ್ಕೂ ಹಾಕಿಡಿ. ಕಡತದ ಹೆಸರು ‘ಮಳೆ-1’, ‘ಮಳೆ-2’ ಎಂದು ಪಾತ್ರಕ್ಕೆ ತಕ್ಕಂತಿರಲಿ. ಅರ್ಧ ತರಗತಿ ಕಂಪ್ಯೂಟರ್ ಮುಂದೆ, ಒಂದಕ್ಕೆ ಮೂವರಂತೆ. ಉಳಿದರ್ಧ ಅಚ್ಚು ಹಾಕಿದ ಪ್ರತಿಗಳ ಮುಂದೆ. ಇಪ್ಪತ್ತು ನಿಮಿಷಕ್ಕೆ ಅದಲು ಬದಲು. ಮೌಸ್ ಹಿಡಿದವನೇ ಓದುವವನೂ ಆದರೆ ಉಳಿದಿಬ್ಬರು ಸುಮ್ಮನೆ ಕೂರುತ್ತಾರೆ. ಟಿಪ್ಪಣಿ ಬರೆಯುವ ಕೆಲಸವನ್ನು ಮೌಸ್ ಹಿಡಿಯದವರಿಗೇ ಕೊಡಿ.

ಪ್ರಶ್ನೆ: ಅಂಕ ಹೇಗೆ ಕೊಡುವುದು? ಎಐ ಬಳಸಿ ಬರೆದುಕೊಂಡು ಬಂದರೆ?
– ಮುಖ್ಯೋಪಾಧ್ಯಾಯರು, ಶಿವಮೊಗ್ಗ ಜಿಲ್ಲೆ

ಉತ್ತರ: 20 ಅಂಕವಾದರೆ ಆಧಾರಕ್ಕೆ 8, ತರ್ಕಕ್ಕೆ 6, ಗುಂಪಿನ ಕೆಲಸಕ್ಕೆ 3, ಭಾಷೆಗೆ 3. ಈ ಪಟ್ಟಿ ಮೊದಲ ದಿನವೇ ಮಕ್ಕಳ ಕೈಯಲ್ಲಿರಲಿ, ಕೊನೆಗೆ ತೋರಿಸಿದರೆ ಅದು ಬರೀ ತೀರ್ಪಾಗುತ್ತದೆ. ‘ಆಧಾರ ಚೆನ್ನಾಗಿದೆ’ ಎಂದು ಬರೆಯಬೇಡಿ. ‘ಮೂರು ಹೇಳಿಕೆಗಳಿಗೆ ಆಕರ ತೋರಿಸಿದ್ದಾರೆ, ಅದರಲ್ಲಿ ಒಂದು ತಮ್ಮ ತೀರ್ಮಾನಕ್ಕೆ ವಿರುದ್ಧವಾದದ್ದು’ ಎಂದು ಎಣಿಸುವಂತೆ ಬರೆಯಿರಿ.

ಎಐ ಸಾಮಾನ್ಯ ಉತ್ತರವನ್ನು ಚಂದವಾಗಿ ಬರೆಯುತ್ತದೆ. ನಿಮ್ಮ ಶಾಲೆಯ ಚಾವಣಿಯ ಉದ್ದ ಅಗಲ ಅದಕ್ಕೆ ಗೊತ್ತಿಲ್ಲ. ಟೇಪ್ ಹಿಡಿದು ಅಳೆದ ಒಂದು ಸಂಖ್ಯೆ, ಮನೆಯ ಹಿರಿಯರನ್ನು ಕೇಳಿ ಬರೆದ ಒಂದು ವಿವರ ಶಿಫಾರಸಿನಲ್ಲಿ ಇರಲೇಬೇಕು ಎನ್ನಿ. ಕೊನೆಗೆ ಪ್ರತಿ ಗುಂಪಿಗೂ ಎರಡು ನಿಮಿಷ ಬಾಯಿಮಾತಿನ ಪ್ರಶ್ನೆ. ಮಳೆಯ ಲೆಕ್ಕ ಮಾಡಿದವರನ್ನು ವಿದ್ಯುತ್ತಿನ ಬಗ್ಗೆ ಕೇಳಿ. ಗುಂಪಿನಲ್ಲಿ ಮಾತುಕತೆ ನಡೆದಿತ್ತೋ ಇಲ್ಲವೋ ಅಲ್ಲೇ ತಿಳಿಯುತ್ತದೆ.