ಮೊದಲು ಯಾರನ್ನು ಕೇಳಿದಿರಿ?

ಓದುಗರೊಬ್ಬರ ಪತ್ರ: "ಒಂದು ವ್ಯವಹಾರಕ್ಕೆ ಹಣ ಹಾಕುವ ಮೊದಲು ನಾಲ್ಕು ಜನರನ್ನು ಕೇಳಿದೆ. ನಾಲ್ವರೂ ವಿಶ್ವಾಸಿಗಳೇ. ಇಬ್ಬರು ಬೇಡ ಅಂದರು, ಇಬ್ಬರು ಧೈರ್ಯ ಮಾಡು ಅಂದರು. ಧೈರ್ಯ ಮಾಡಿದೆ, ಕೈ ಸುಟ್ಟುಕೊಂಡೆ. ಹೇಳಿದವರು ಈಗ ಎದುರಿಗೆ ಸಿಕ್ಕರೂ ಮುಖ ತಿರುಗಿಸುತ್ತಾರೆ. ಇನ್ನು ಮೇಲೆ ದೇವರನ್ನು ಬಿಟ್ಟು ಯಾರನ್ನೂ ಕೇಳುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಇದು ಹುಚ್ಚುತನ ಎನ್ನುತ್ತಾನೆ ನಮ್ಮಣ್ಣ. ಯಾರು ಸರಿ? ಹಾಗೇ, ಈಗಿರುವ ಕೆಲಸ ಬಿಡಲೋ ಬೇಡವೋ ಎಂದೂ ತಿಳಿಸಿ."

ಪ್ರಿಯ ಸಹೋದರಿ,

ನಿಮ್ಮ ಅಣ್ಣನ ಮಾತಿನಲ್ಲೂ ಅರ್ಥವಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸತ್ಯವೇದದಲ್ಲಿ ಇಸ್ರಾಯೇಲ್ಯರ ನಾಯಕ ಮೋಶೆ ಬೆಳಗಿನಿಂದ ಸಂಜೆಯವರೆಗೂ ಒಬ್ಬನೇ ಕೂತು ಜನರ ವ್ಯಾಜ್ಯ ತೀರಿಸುತ್ತಿದ್ದ. ಹೀಗಾದರೆ ಸೋತು ಸುಣ್ಣವಾಗುತ್ತೀಯ, ಕೆಲಸ ಹಂಚು ಎಂದು ಬುದ್ಧಿ ಹೇಳಿದ್ದು ಅವನ ಮಾವ ಇತ್ರೋ. ಮೋಶೆ ಕೇಳಿದ, ಒಳ್ಳೆಯದಾಯಿತು. ಆದರೆ ದೇವರ ಅಪ್ಪಣೆಯೂ ಹಾಗೇ ಇದ್ದರೆ ಎಂದು ಇತ್ರೋ ಸೇರಿಸಿದ ಮಾತನ್ನು ಅಣ್ಣನಿಗೆ ತೋರಿಸಿ. ಸಲಹೆ ಕೊಟ್ಟು, ಅದನ್ನು ದೇವರ ಮುಂದೆ ಇಡು ಎಂದವನು ಅವನು. ಅಂಥ ಮಾವಂದಿರು ಎಷ್ಟು ಜನರಿಗೆ ಸಿಗುತ್ತಾರೆ?

ಈಗ ನಿಮ್ಮ ವಿಷಯ. ನಾಲ್ಕು ಜನರನ್ನು ಕೇಳಿದೆ ಎಂದು ಬರೆದಿದ್ದೀರಿ. ದೇವರನ್ನು ಕೇಳಿದೆ ಎಂದು ಎಲ್ಲೂ ಬರೆದಿಲ್ಲ. ಪ್ರಾರ್ಥನೆ ಮಾಡಿರಬಹುದು. ಆದರೆ ಮನಸ್ಸು ಗಟ್ಟಿ ಮಾಡಿಕೊಂಡ ಮೇಲೆ "ಆಶೀರ್ವದಿಸಪ್ಪಾ" ಎನ್ನುವುದು ಕೇಳಿದಂತೆ ಆಗುವುದಿಲ್ಲ. ಇಬ್ಬರು ಬೇಡ ಎಂದಿದ್ದರಲ್ಲ, ಅವರ ಮಾತು ಯಾಕೆ ನಿಲ್ಲಲಿಲ್ಲ? ನಿಮಗೆ ಬೇಕಾದ ಉತ್ತರ ಇನ್ನಿಬ್ಬರ ಬಾಯಲ್ಲಿತ್ತು, ಅಲ್ವಾ? ಬೇಜಾರು ಮಾಡಿಕೊಳ್ಳಬೇಡಿ. ಇಸ್ರಾಯೇಲಿನ ಅರಸ ಸೊಲೊಮೋನನ ಮಗ ರೆಹಬ್ಬಾಮ ಪಟ್ಟಕ್ಕೆ ಬಂದಾಗ ಮಾಡಿದ್ದೂ ಇದನ್ನೇ.

ನಮ್ಮ ನೊಗ ಹಗುರ ಮಾಡು ಎಂದು ಜನ ಬಂದು ಬೇಡಿದಾಗ ಅವನು ಮೂರು ದಿನ ಸಮಯ ತೆಗೆದುಕೊಂಡ. ಅಪ್ಪನ ಕಾಲದ ಹಿರಿಯರನ್ನು ಕೇಳಿದ. ಅವರು ಒಳ್ಳೆಯ ಮಾತಾಡು ಅಂದರು. ಜೊತೆಗೆ ಬೆಳೆದ ಹುಡುಗರನ್ನು ಕೇಳಿದ. ಅಪ್ಪನ ಸೊಂಟಕ್ಕಿಂತ ನನ್ನ ಕಿರುಬೆರಳೇ ದಪ್ಪ ಎಂದು ಹೇಳು ಅಂದರು. ಹಾಗೇ ಹೇಳಿದ, ಹತ್ತು ಕುಲಗಳು ಕೈಬಿಟ್ಟು ಹೋದವು. ನಾವೆಲ್ಲ ಹುಡುಗರನ್ನು ಬೈಯುತ್ತೇವೆ. ನನಗೆ ಕಾಡುವುದು ಬೇರೆ. ಅವನ ಅಪ್ಪ ಸೊಲೊಮೋನ ಪಟ್ಟಕ್ಕೆ ಬಂದ ಹೊಸದರಲ್ಲಿ ಗಿಬ್ಯೋನಿನಲ್ಲಿ ದೇವರ ಹತ್ತಿರ ವಿವೇಕ ಬೇಡಿದವನು. ಈ ಮಗ ಆ ಮೂರು ದಿನದಲ್ಲಿ ಒಮ್ಮೆಯಾದರೂ ದೇವರ ಮುಂದೆ ಮೊಣಕಾಲೂರಿದ ಎಂದು ಎಲ್ಲೂ ಬರೆದಿಲ್ಲ.

ಅಪೊಸ್ತಲ ಪೌಲನನ್ನು ಕೈದಿಯಾಗಿ ಒಯ್ದ ಹಡಗಿನಲ್ಲೂ ಇದೇ ಕಥೆ. ಚಳಿಗಾಲ ಹತ್ತಿರವಾಗಿತ್ತು. ಹೊರಟರೆ ಪ್ರಾಣಕ್ಕೂ ಹಾನಿ ಎಂದ ಪೌಲ. ಶತಾಧಿಪತಿ ನಂಬಿದ್ದು ನಾವಿಕನನ್ನು ಮತ್ತು ಹಡಗಿನ ಯಜಮಾನನನ್ನು. ಸಮುದ್ರ ಬಲ್ಲವರು, ಅವರನ್ನು ನಂಬದೆ ಇನ್ನಾರನ್ನು ನಂಬಬೇಕು? ಜಾಸ್ತಿ ಜನರ ಅಭಿಪ್ರಾಯವೂ ಅದೇ ಆಗಿತ್ತು. ಮೇಲಾಗಿ ದಕ್ಷಿಣದ ಗಾಳಿ ಮೆಲ್ಲಗೆ ಬೀಸಿತು, ಎಲ್ಲಾ ಸರಿಹೋಯಿತು ಅಂದುಕೊಂಡು ಲಂಗರು ಎತ್ತಿದರು. ಸಹೋದರಿ, ಆ ಮೆಲ್ಲನೆಯ ಗಾಳಿಗೆ ನಾನು ಬಿರುಗಾಳಿಗಿಂತ ಹೆಚ್ಚು ಹೆದರುತ್ತೇನೆ. ನಿಮ್ಮ ವ್ಯವಹಾರದಲ್ಲೂ ಮೊದಮೊದಲು ಎಲ್ಲ ಸಲೀಸಾಗಿಯೇ ನಡೆದಿರಬೇಕು. 14 ರಾತ್ರಿ ಅವರು ಸಮುದ್ರದಲ್ಲಿ ತೇಲಾಡಿದರು. ಹಡಗು ಒಡೆಯಿತು. ಆದರೂ ಅದರಲ್ಲಿದ್ದ 276 ಜನರಲ್ಲಿ ಒಬ್ಬರೂ ಸಾಯಲಿಲ್ಲ. ಯಾರ ಪ್ರಾಣಕ್ಕೂ ಹಾನಿಯಿಲ್ಲ ಎಂದು ದೇವರು ಪೌಲನಿಗೆ ಮಾತು ಕೊಟ್ಟಿದ್ದರು.

ಇದು ನಾನು ಸುಮ್ನೆ ಓದಿ ಹೇಳುವ ಮಾತಲ್ಲ. ಚಿಕ್ಕ ವಯಸ್ಸಿನಲ್ಲಿ ಪ್ರಾಣಸ್ನೇಹಿತನ ಜೊತೆ ಜಗಳವಾಯಿತು. ತಪ್ಪು ನನ್ನದೂ ಇತ್ತು. ನಾನು ತುಂಬಾ ಗೌರವಿಸುತ್ತಿದ್ದ ಹಿರಿಯರೊಬ್ಬರು "ಅವನೇ ಬರಲಿ, ನೀನು ಹೋಗಬೇಡ" ಅಂದರು. ನನ್ನ ಕೋಪಕ್ಕೂ ಅದೇ ಬೇಕಿತ್ತು. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನೊಂದಿಗೆ ಒಂದಾಗು ಎಂದ ಯೇಸುವಿನ ಮಾತು ನನಗೆ ಬಾಯಿಪಾಠ ಇತ್ತು. ಆದರೂ ಹೋಗಲಿಲ್ಲ. ಎರಡು ವರ್ಷ ಕಾದೆ. ಅವನು ಕಾಯಿಲೆ ಬಿದ್ದ ಸುದ್ದಿ ತಡವಾಗಿ ಬಂತು. ನಾನು ತಲುಪುವಷ್ಟರಲ್ಲಿ ಅವನಿಗೆ ಮಾತು ನಿಂತಿತ್ತು. ಆಮೇಲೊಮ್ಮೆ ಆ ಹಿರಿಯರ ಹತ್ತಿರ ಈ ವಿಷಯ ತೆಗೆದೆ. ತಾವು ಹಾಗೆ ಹೇಳಿದ್ದೇ ಅವರಿಗೆ ನೆನಪಿರಲಿಲ್ಲ.

ಈಗಂತೂ ಸಲಹೆಗೆ ಬರವೇ ಇಲ್ಲ. ಫೋನ್ ತೆರೆದರೆ ಸಾಕು, ಮದುವೆಗೊಬ್ಬರು, ಸಾಲಕ್ಕೊಬ್ಬರು, ಮಕ್ಕಳನ್ನು ಬೆಳೆಸುವುದಕ್ಕೊಬ್ಬರು. ಅವರನ್ನಾದರೂ ಸಹಿಸಬಹುದು. "ನಿಮ್ಮ ಬಗ್ಗೆ ದೇವರು ನನಗೆ ಹೇಳಿದರು" ಎಂದು ಬರುವವರನ್ನು ಕಂಡರೆ ನನಗೆ ನಡುಕ ಬರುತ್ತದೆ. ಬೇತೇಲಿಗೆ ಹೋದ ದೇವರ ಮನುಷ್ಯನ ಕಥೆ ನೆನಪಿದೆಯಾ? ಅಲ್ಲಿ ಊಟ ಮಾಡಬೇಡ, ನೀರೂ ಕುಡಿಯಬೇಡ ಎಂಬ ಅಪ್ಪಣೆ ದೇವರಿಂದಲೇ ಅವನಿಗೆ ಸಿಕ್ಕಿತ್ತು. ಮುದಿ ಪ್ರವಾದಿಯೊಬ್ಬ ಬಂದು, ದೇವದೂತ ನನಗೆ ಬೇರೆ ಹೇಳಿದ್ದಾನೆ ಎಂದು ಸುಳ್ಳು ಹೇಳಿ ಕರೆದ. ಅವನು ಹೋಗಿ ಊಟಕ್ಕೆ ಕೂತ. ಹಿಂದಿರುಗುವ ದಾರಿಯಲ್ಲಿ ಸಿಂಹ ಅವನನ್ನು ಕೊಂದಿತು. ಕರೆದವನು ಬದುಕಿ ಉಳಿದ, ಹೆಣ ತಂದು ಮಣ್ಣು ಮಾಡಿ ಅತ್ತ. ಸಲಹೆ ಕೊಟ್ಟವರು ಕೊನೆಗೆ ಮಾಡಬಹುದಾದದ್ದು ಅಷ್ಟೇ. ನಿಮ್ಮವರು ಅದನ್ನೂ ಮಾಡಲಿಲ್ಲ, ಮುಖ ತಿರುಗಿಸಿದರು.

ಒಂದು ಎಚ್ಚರಿಕೆ. ದೇವರನ್ನು ಬಿಟ್ಟು ಯಾರನ್ನೂ ಕೇಳುವುದಿಲ್ಲ ಎನ್ನುವವರು ಎಷ್ಟೋ ಸಲ ತಮ್ಮ ಮನಸ್ಸನ್ನೇ ಕೇಳಿಕೊಂಡು ಅದಕ್ಕೆ ದೇವರ ಹೆಸರಿಡುತ್ತಾರೆ. ಸ್ವಂತ ಬುದ್ಧಿಯನ್ನೇ ಆಧಾರ ಮಾಡಿಕೊಳ್ಳಬೇಡ ಎಂದು ಜ್ಞಾನೋಕ್ತಿಯಲ್ಲಿ ಇದೆಯಲ್ಲ, ನಿಮ್ಮ ಮನಸ್ಸೂ ಮನುಷ್ಯರದ್ದೇ. ದಿನಾ ವಾಕ್ಯ ಓದಿ. ನಿಮಗೆ ಇಷ್ಟವಿಲ್ಲದ ಉತ್ತರ ಬಂದರೂ ಸರಿ ಎಂದು ಹೇಳಿ ಕಾಯಿರಿ. ನನಗೆ ಗೊತ್ತಿರುವ ದಾರಿ ಇದೊಂದೇ, ಇದು ನಿಧಾನದ ದಾರಿ.

ಯಾಕೋಬನ ಪತ್ರದಲ್ಲಿ ಒಂದು ಪದ ಇದೆ. ಜ್ಞಾನ ಕಡಿಮೆ ಇರುವವನು ಕೇಳಲಿ, ದೇವರು ಹಂಗಿಸದೆ ಕೊಡುತ್ತಾರೆ. ಹಂಗಿಸದೆ! ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಅವನ ಪಕ್ಕದಲ್ಲಿ ನೆಲದ ಮೇಲೆ ಮಾತಿಲ್ಲದೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದದ್ದೇ ತಡ, ನಿನ್ನದೇ ತಪ್ಪು ಎಂದು ಶುರು ಮಾಡಿದರು. ಹಣ ಹೋದ ಮೇಲೆ ನೀವೂ ಇಂಥ ಮಾತು ಬೇಕಾದಷ್ಟು ಕೇಳಿರುತ್ತೀರಿ. ದೇವರ ಹತ್ತಿರ ಹೋದಾಗ ಅದು ಇರುವುದಿಲ್ಲ. ಹಳೆಯ ತಪ್ಪನ್ನು ಎತ್ತಿ ಆಡುವುದಿಲ್ಲ, ಇಷ್ಟು ದಿನ ಎಲ್ಲಿದ್ದೆ ಎಂದು ಕೇಳುವುದಿಲ್ಲ.

ಕೆಲಸ ಬಿಡಲೋ ಬೇಡವೋ ಎಂಬ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಐದನೆಯವನಾಗಲು ನನಗೆ ಇಷ್ಟವಿಲ್ಲ. ನಿಮ್ಮ ಪತ್ರವನ್ನು ನನ್ನ ಸತ್ಯವೇದದೊಳಗೆ ಇಟ್ಟಿದ್ದೇನೆ. ಬೆಳಗಿನ ಪ್ರಾರ್ಥನೆಗೆ ಕೂತಾಗ ನಿಮ್ಮ ಹೆಸರು ಹೇಳುತ್ತೇನೆ.

— ಸಂಪಾದಕ